ಬೇಲಿಗೊಂದು ಬಾಗಿಲಿರಲಿ



ಮನೆಗಳ ಭೇಟಿಗೆಂದು ಹಳ್ಳಿಗಳಿಗೆ ಹೋದಾಗ ತಾಯಂದಿರು ನನ್ನೊಡನೆ ಹೇಳಿಕೊಳ್ಳುತ್ತಿದ್ದ ಕಷ್ಟಗಳು ಹಿಂದೆ ಬೇರೆಯಾಗಿದ್ದವು. ಗಂಡನ ಕುಡಿತ, ತೀರದ ಸಾಲ, ಕೈಕೊಟ್ಟ ಮಳೆ, ಮಗಳ ಮದುವೆಯ ಚಿಂತೆ. ಆ ಕಷ್ಟಗಳು ಈಗಲೂ ಹೋಗಿಲ್ಲ. ಆದರೆ ಕಳೆದ ಐದಾರು ವರ್ಷಗಳಿಂದ ಅವುಗಳ ಸಾಲಿಗೆ ಹೊಸದೊಂದು ಸೇರಿಕೊಂಡಿದೆ. "ಹುಡುಗ ಫೋನ್ ಬಿಡಂಗಿಲ್ರೀ ಫಾದರ್, ನೀವಾದ್ರೂ ಒಂದು ಮಾತು ಹೇಳ್ರಿ." ಈ ಮಾತನ್ನು ಕೇಳದೆ ನಾನು ಮರಳಿದ ಮನೆಗಳು ಈಗ ಕಡಿಮೆ. ನಿಮ್ಮ ಮನೆಯಲ್ಲಿಯೂ ಈ ಮಾತು ಕೇಳಿಬಂದಿದ್ದರೆ, ನನ್ನಿಂದಲೇ ನಡೆದುಹೋದ ಒಂದು ತಪ್ಪಿನ ಕಥೆಯನ್ನು ನಿಮ್ಮ ಮುಂದಿಡಲು ಅಪ್ಪಣೆ ಕೊಡಿ.

ಅರಕೇರಾದ ಒಂದು ಮನೆ. ಹೆಸರುಗಳು ಬೇಡ. ಮನೆಯಲ್ಲಿ ಇರುವವರು ಇಬ್ಬರೇ, ಒಬ್ಬ ಅಜ್ಜಿ ಮತ್ತು ಏಳನೆಯ ತರಗತಿಯಲ್ಲಿ ಓದುವ ಮೊಮ್ಮಗ. ಹುಡುಗನ ತಂದೆತಾಯಿ ವರ್ಷದ ಬಹುಪಾಲು ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿರುತ್ತಾರೆ. ಹಾಲುಗೂಸಾಗಿದ್ದ ಹೆಣ್ಣುಮಗುವನ್ನು ಜೊತೆಗೆ ಕರೆದೊಯ್ದಿದ್ದಾರೆ. ನಮ್ಮ ರಾಯಚೂರು ಜಿಲ್ಲೆ ಕೃಷ್ಣೆ ಮತ್ತು ತುಂಗಭದ್ರೆಗಳ ನಡುವೆ ಇದ್ದರೂ, ಕಾಲುವೆಯ ನೀರು ಮುಟ್ಟದ ಹೊಲಗಳ ಜನ ಬೆಂಗಳೂರು, ಪುಣೆ, ಮುಂಬಯಿಗಳ ಕಡೆಗೆ ಗುಳೆ ಹೋಗುವುದು ಇಲ್ಲಿ ಹೊಸ ಸಂಗತಿಯಲ್ಲ. ಓದುವ ಮಕ್ಕಳನ್ನು ಶಾಲೆ ತಪ್ಪದಿರಲೆಂದು ಅಜ್ಜ ಅಜ್ಜಿಯರ ಬಳಿ ಬಿಟ್ಟುಹೋಗುತ್ತಾರೆ. ಹಾಗೆ ಬಿಟ್ಟುಹೋಗುವಾಗ ಈಗ ಅವರ ಕೈಯಲ್ಲೊಂದು ಫೋನ್ ಕೊಟ್ಟು ಹೋಗುತ್ತಾರೆ.

ಆ ಫೋನ್ ಮನೆಯೊಳಗೆ ಹೇಗೆ ಬಂತು ಎಂಬುದನ್ನು ನಾವು ಹಿರಿಯರು ಮರೆಯಬಾರದು. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಪಾಠಗಳು ದೂರದರ್ಶನದ ಚಂದನ ವಾಹಿನಿಯಲ್ಲಿ ಬಂದವು, ಮನೆಗೆಲಸ ವಾಟ್ಸಾಪ್‌ನಲ್ಲಿ ಬಂತು. ಆ ವರ್ಷ ಸರ್ಕಾರ ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಗುಂಪು ಮಾಡಿದ್ದೇ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ, ಸಾದಾ ಫೋನ್ ಇದೆಯೇ, ಏನೂ ಇಲ್ಲವೇ ಎಂಬುದರ ಮೇಲೆ. ಏನೂ ಇಲ್ಲದ ಗುಂಪಿನಲ್ಲಿ ತಮ್ಮ ಮಗು ಉಳಿಯಬಾರದೆಂದು ಎಷ್ಟೋ ತಂದೆಯರು ಸಾಲ ಮಾಡಿ ಫೋನ್ ತಂದರು. ತರಲಿಕ್ಕೆ ಹೇಳಿದವರಲ್ಲಿ ನಾನೂ ಒಬ್ಬ. "ಒಂದು ಹಬ್ಬದ ಬಟ್ಟೆ ಬಿಡಿ, ಮಗುವಿನ ಓದು ಬಿಡಬೇಡಿ" ಎಂದು ನಾನೇ ಹೇಳಿದ್ದೆ. ಆದ್ದರಿಂದ ಇಂದು "ಈಗಿನ ಮಕ್ಕಳು ಫೋನ್ ಹಿಡಿದು ಕೆಟ್ಟರು" ಎಂದು ಯಾರಾದರೂ ಹೇಳುವಾಗ ನನಗೆ ತಲೆದೂಗಲು ಆಗುವುದಿಲ್ಲ. ಮಕ್ಕಳು ಅದನ್ನು ಕದ್ದು ತರಲಿಲ್ಲ. ನಾವೇ ತಂದು ಅವರ ಕೈಯಲ್ಲಿಟ್ಟೆವು. ಇಟ್ಟ ಮೇಲೆ ಅದನ್ನು ಬಳಸುವ ಬಗೆಯನ್ನು ಹೇಳಿಕೊಡಲಿಲ್ಲ, ಅಷ್ಟೇ.

ಅರಕೇರಾದ ಅಜ್ಜಿಯ ದೂರು ಹೀಗಿತ್ತು. ಹುಡುಗ ರಾತ್ರಿ ಕೌದಿಯೊಳಗೆ ಫೋನ್ ಹಿಡಿದು ಮಲಗುತ್ತಾನೆ. ನಡುರಾತ್ರಿ ಎಚ್ಚರವಾದರೆ ಕೌದಿಯೊಳಗಿಂದ ಬೆಳಕು ಕಾಣುತ್ತದೆ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ಶಾಲೆಯಲ್ಲಿ ತೂಕಡಿಸುತ್ತಾನೆಂದು ಮಾಸ್ತರರು ಹೇಳಿಕಳುಹಿಸಿದ್ದಾರೆ. ಅಜ್ಜಿಗೆ ಓದು ಬರೆಹ ಬಾರದು. ಆಕೆಯ ಬಳಿ ಇರುವುದು ಗುಂಡಿ ಒತ್ತುವ ಸಣ್ಣ ಫೋನ್. ಮೊಮ್ಮಗನ ದೊಡ್ಡ ಫೋನಿನಲ್ಲಿ ಏನು ನಡೆಯುತ್ತದೆಂದು ಆಕೆ ಹೇಗೆ ತಿಳಿಯಬೇಕು? "ಬೈದ್ರ ಮನಿ ಬಿಟ್ಟು ಹೋಗ್ತೀನಿ ಅಂತಾನ್ರೀ. ನಾ ಮುದುಕಿ, ಅವನ ಹಿಂದ ಎಲ್ಲಿ ಓಡ್ಲಿ?" ಎಂದು ಆಕೆ ಕಣ್ಣೊರೆಸಿಕೊಂಡಳು.

ಕ್ರಿಸ್ಮಸ್ ಹಬ್ಬಕ್ಕೆ ಹುಡುಗನ ತಂದೆ ಊರಿಗೆ ಬಂದಾಗ ನಾವಿಬ್ಬರೂ ಮಾತಾಡಿದೆವು. ಫೋನ್ ಕಿತ್ತುಕೊಂಡು ಬೆಂಗಳೂರಿಗೆ ಒಯ್ಯುತ್ತೇನೆಂದು ಆತ ಹೇಳಿದ. ಬೇಡವೆಂದೆ. ಗೂಗಲ್ ಸಂಸ್ಥೆಯ ಫ್ಯಾಮಿಲಿ ಲಿಂಕ್ ಎಂಬ ಉಚಿತ ಆ್ಯಪ್ ಇದೆಯೆಂದು ನನಗೆ ತಿಳಿದಿತ್ತು. ತಂದೆಯ ಫೋನಿನಲ್ಲಿ ಅದನ್ನು ಹಾಕಿ, ಮಗುವಿನ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಅವನ ಹೆಸರಿನಲ್ಲಿ ಒಂದು ಖಾತೆ ತೆರೆದು, ಆ ಖಾತೆಯನ್ನು ಮಗುವಿನ ಫೋನಿನಲ್ಲಿ ಕೂಡಿಸಬೇಕು. ಆಮೇಲೆ ತಂದೆ ಎಲ್ಲಿದ್ದರೂ ಮಗುವಿನ ಫೋನ್ ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆಯಿತೆಂದು ನೋಡಬಹುದು. ದಿನಕ್ಕಿಷ್ಟೇ ಹೊತ್ತು ಎಂದು ಮಿತಿ ಹಾಕಬಹುದು. ರಾತ್ರಿ ಇಂಥ ಗಂಟೆಗೆ ಬೀಗ ಬೀಳಲಿ, ಬೆಳಿಗ್ಗೆ ಇಂಥ ಗಂಟೆಗೆ ತೆರೆಯಲಿ ಎಂದು ನಿಗದಿ ಮಾಡಬಹುದು. ಹೊಸ ಆ್ಯಪ್ ಬೇಕೆಂದರೆ ತಂದೆಯ ಒಪ್ಪಿಗೆ ಬೇಕು. ಗುಳೆ ಹೋದ ತಂದೆಗೆ ಇದಕ್ಕಿಂತ ಒಳ್ಳೆಯ ಉಪಾಯ ಯಾವುದು ಎಂದು ನನಗನ್ನಿಸಿತು.

ಹುಡುಗನ ಫೋನಿನಲ್ಲಿ ಆಗ ಇದ್ದ ಖಾತೆಯನ್ನು ನೋಡಿದರೆ, ಅದರ ಪ್ರಕಾರ ಅವನಿಗೆ ಇಪ್ಪತ್ತೊಂಬತ್ತು ವರ್ಷ! ಫೋನ್ ಕೊಂಡ ದಿನ ಯಾರೋ ಅವಸರದಲ್ಲಿ ಒಂದು ಇಸವಿಯನ್ನು ಒತ್ತಿಬಿಟ್ಟಿದ್ದರು. ಇಂಥ ಸುಳ್ಳು ವಯಸ್ಸು ನಮ್ಮ ಅನೇಕ ಮಕ್ಕಳ ಫೋನುಗಳಲ್ಲಿದೆ. ಹನ್ನೆರಡು ವರ್ಷದ ಮಗು ಇಪ್ಪತ್ತೊಂಬತ್ತರ ಗಂಡಸೆಂದು ತಿಳಿದ ಯಂತ್ರ, ಆ ವಯಸ್ಸಿನ ಗಂಡಸಿಗೆ ತೋರಿಸುವುದನ್ನೆಲ್ಲ ಅವನಿಗೆ ತೋರಿಸುತ್ತದೆ. ಆ ಖಾತೆಯನ್ನು ತೆಗೆದು ಹೊಸದನ್ನು ಹಾಕಿದೆವು. ದಿನಕ್ಕೆ ಒಂದು ಗಂಟೆಯ ಮಿತಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬೀಗ.

ನನ್ನ ತಪ್ಪು ಇಲ್ಲಿಯೇ ಇದೆ. ಈ ಕೆಲಸ ಮಾಡುವಾಗ ಹುಡುಗ ಮನೆಯಲ್ಲಿರಲಿಲ್ಲ, ಅಂಗಡಿಗೆ ಹೋಗಿದ್ದ. ಅವನು ಬಂದು "ಏನ್ ಮಾಡಾಕ ಹತ್ತೀರಿ ಫಾದರ್?" ಎಂದು ಕೇಳಿದಾಗ, "ಫೋನ್ ನಿಧಾನ ಆಗೈತಂತ, ಸರಿ ಮಾಡಾಕ ಹತ್ತೀನಿ" ಎಂದೆ. ಒಂದು ಸಣ್ಣ ಸುಳ್ಳು. ಮಗುವಿನ ಒಳಿತಿಗಾಗಿ ಎಂದುಕೊಂಡೆ. ಹಬ್ಬ ಮುಗಿಯಿತು, ತಂದೆ ಬೆಂಗಳೂರಿಗೆ ಹೋದ, ನಾನು ನನ್ನ ಕೆಲಸಕ್ಕೆ ಮರಳಿದೆ.

ಎರಡು ವಾರ ಕಳೆದಿರಬೇಕು. ಅಜ್ಜಿ ತನ್ನ ಸಣ್ಣ ಫೋನಿನಿಂದ ಕರೆ ಮಾಡಿಸಿದಳು. ಹುಡುಗ ಅಪ್ಪನೊಡನೆ ಮಾತು ಬಿಟ್ಟಿದ್ದಾನೆ, ಸಂಜೆಯಾದರೆ ಪಕ್ಕದ ಓಣಿಯ ದೊಡ್ಡ ಹುಡುಗರ ಜೊತೆ ಹೋಗಿ ಕುಳಿತು ರಾತ್ರಿ ಹತ್ತಕ್ಕೆ ಬರುತ್ತಾನೆ ಎಂದಳು. ನಾನು ಹೋದೆ. ಹುಡುಗ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಬೈಯುವ ಮನಸ್ಸಿನಿಂದಲೇ ಹೋಗಿದ್ದ ನಾನು, "ಒಂದು ತಾಸು ಸಾಲದೇನೋ ನಿನಗೆ?" ಎಂದು ಕೇಳಿದೆ. ಅವನು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ ಹೇಳಿದ, "ಅದ್ರಾಗ ನಮ್ಮವ್ವನ ಮಾರಿ ಕಾಣ್ತಿತ್ರೀ ಫಾದರ್."

ನಿಧಾನವಾಗಿ ಕೇಳಿದಾಗ ವಿಷಯ ತಿಳಿಯಿತು. ತಾಯಿಯ ಕೆಲಸ ಬಿಡುವುದು ಸಂಜೆ ಆರಕ್ಕೆ. ಶೆಡ್ಡಿಗೆ ಬಂದು, ನೀರು ಹಿಡಿದು, ಅಡಿಗೆ ಮಾಡಿ, ಊಟ ಮುಗಿಯುವ ಹೊತ್ತಿಗೆ ಒಂಬತ್ತು ದಾಟುತ್ತದೆ. ಆಮೇಲೆಯೇ ಆಕೆ ಗಂಡನ ಫೋನ್ ತೆಗೆದುಕೊಂಡು, ಅಜ್ಜಿಯ ಹೆಸರಿನಲ್ಲಿದ್ದ ವಾಟ್ಸಾಪ್‌ಗೆ ವಿಡಿಯೋ ಕರೆ ಮಾಡುತ್ತಿದ್ದಳು. ಅಜ್ಜಿ ಮೊಮ್ಮಗ ಇಬ್ಬರೂ ಮುಖ ಜೋಡಿಸಿ ನೋಡುತ್ತಿದ್ದರು. ನಾನು ಒಂಬತ್ತಕ್ಕೆ ಹಾಕಿದ ಬೀಗ ಆ ಕರೆಯನ್ನೂ ಮುಚ್ಚಿತ್ತು. ಸಂಜೆ ಬೇಗ ಸಿಕ್ಕ ದಿನವೂ, ಹುಡುಗ ಆ ಒಂದು ಗಂಟೆಯನ್ನು ಮೊದಲೇ ಮುಗಿಸಿರುತ್ತಿದ್ದ. ಅಜ್ಜಿಯ ಸಣ್ಣ ಫೋನಿಗೆ ಕರೆ ಬರುತ್ತಿತ್ತು, ನಿಜ. ಆದರೆ ಅಪ್ಪನೇ ಬೀಗ ಹಾಕಿದನೆಂದು ಮುನಿದ ಹುಡುಗ ಅದನ್ನು ಮುಟ್ಟುತ್ತಿರಲಿಲ್ಲ. ಆ ಎರಡು ವಾರಗಳಲ್ಲೇ ಅವನ ತಂಗಿ ಮೊದಲ ಸಲ ಎದ್ದು ನಿಂತು ನಾಲ್ಕು ಹೆಜ್ಜೆ ಇಟ್ಟಿದ್ದಳಂತೆ. ಅಣ್ಣನಿಗೆ ತೋರಿಸಬೇಕೆಂದು ತಾಯಿ ಫೋನ್ ಹಿಡಿದು ಮತ್ತೆ ಮತ್ತೆ ಕರೆ ಮಾಡಿದ್ದಳಂತೆ. ಇಲ್ಲಿ ಫೋನ್ ಸುಮ್ಮನಿತ್ತು.

ಓದುಗರೇ, ಆ ದಿನ ನಾನು ಅವನಿಗೆ ಯಾವ ಬುದ್ಧಿಮಾತನ್ನೂ ಹೇಳಲಿಲ್ಲ. ಹೇಳುವ ಯೋಗ್ಯತೆ ನನಗಿರಲಿಲ್ಲ. ಕೆಟ್ಟದ್ದನ್ನು ಹೊರಗಿಡಲು ನಾನು ಹಾಕಿದ ಬೇಲಿಗೆ ಬಾಗಿಲನ್ನೇ ಇಟ್ಟಿರಲಿಲ್ಲ. ತಾಯಿ ಬೇಲಿಯ ಹೊರಗೆ ಉಳಿದಿದ್ದಳು. ಆ ಮಗುವಿಗೆ ಫೋನ್ ಎಂದರೆ ಆಟ ಮಾತ್ರವಲ್ಲ, ತಾಯಿಯ ಮಡಿಲೂ ಅದೇ ಎಂಬುದನ್ನು ಕೇಳಿ ತಿಳಿಯುವ ತಾಳ್ಮೆ ನನಗೆ ಇರಲಿಲ್ಲ.

ಅಂದು ರಾತ್ರಿ ನಿದ್ದೆ ಬಾರದೆ ನನ್ನ ಗುರುಮಠದ ದಿನಗಳನ್ನು ನೆನೆದೆ. ನಾವು ಹುಡುಗರಾಗಿದ್ದಾಗ ಅಲ್ಲಿ ಒಂದೇ ಒಂದು ರೇಡಿಯೋ ಇತ್ತು. ಅದು ಕಪಾಟಿನಲ್ಲಿ ಬೀಗದೊಳಗಿರುತ್ತಿತ್ತು, ಕೀಲಿಕೈ ಹಿರಿಯ ಗುರುಗಳ ಬಳಿ. 1987ರ ನವೆಂಬರ್ 5ರಂದು ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ವಿಶ್ವಕಪ್ ಸೆಮಿಫೈನಲ್. ಅಧ್ಯಯನದ ವೇಳೆಯಲ್ಲಿ ಯಾರೋ ಕದ್ದು ತಂದ ಸಣ್ಣ ಟ್ರಾನ್ಸಿಸ್ಟರನ್ನು ನಾನು ಕಿವಿಗೊತ್ತಿಕೊಂಡು ಕುಳಿತಿದ್ದೆ. ಸಿಕ್ಕಿಬಿದ್ದೆ. ಭಾರತವೂ ಸೋತಿತು. ಮರುದಿನ ಗುರುಗಳು ನನ್ನನ್ನು ಕರೆದು, ಮೇಜಿನ ಮೇಲೆ ಕಪಾಟಿನ ಕೀಲಿಕೈಯನ್ನಿಟ್ಟರು. ಯಾವ ದಿನ ಎಷ್ಟು ಹೊತ್ತು ರೇಡಿಯೋ ತೆರೆಯಬೇಕೆಂದು ನೀವು ಹುಡುಗರೇ ಕುಳಿತು ಬರೆದುಕೊಡಿ, ಆಮೇಲೆ ಬೀಗ ಹಾಕಿ ತೆಗೆಯುವ ಜವಾಬ್ದಾರಿ ನಿನ್ನದು ಎಂದರು. ನಾವು ಬರೆದುಕೊಟ್ಟ ವೇಳಾಪಟ್ಟಿ ಅವರು ಮೊದಲು ಕೊಡುತ್ತಿದ್ದ ಹೊತ್ತಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಆ ಬೀಗವನ್ನು ನಾನು ಒಮ್ಮೆಯೂ ಮೀರಲಿಲ್ಲ. ಅದು ಆಗ ನನ್ನ ಬೀಗವಾಗಿತ್ತು. ಇಷ್ಟು ವರ್ಷ ಕಳೆದ ಮೇಲೆ ಅದೇ ನಾನು, ಒಬ್ಬ ಹುಡುಗನ ಬೆನ್ನ ಹಿಂದೆ ಬೀಗ ಹಾಕಿ ಬಂದಿದ್ದೆ.

ಮುಂದಿನ ಭಾನುವಾರ ಮತ್ತೆ ಅರಕೇರಾಕ್ಕೆ ಹೋದೆ. ಮೊದಲು ಹುಡುಗನ ಮುಂದೆ ನನ್ನ ಸುಳ್ಳನ್ನು ಒಪ್ಪಿಕೊಂಡೆ. ಬೆಂಗಳೂರಿನ ತಂದೆತಾಯಿಯನ್ನು ಕರೆಯಲ್ಲಿ ಸೇರಿಸಿ, ಅಜ್ಜಿ, ಮೊಮ್ಮಗ, ನಾನು ಮೂವರೂ ಚಾಪೆಯ ಮೇಲೆ ಕುಳಿತೆವು. ಪ್ರತಿಯೊಂದು ಮಿತಿ ಯಾಕೆ ಎಂದು ಅವನಿಗೆ ಹೇಳಿದೆವು. ರಾತ್ರಿಯ ಬೀಗವನ್ನು ಒಂಬತ್ತರಿಂದ ಹತ್ತಕ್ಕೆ ಸರಿಸಿದೆವು. ವಾಟ್ಸಾಪನ್ನು ದಿನದ ಒಂದು ಗಂಟೆಯ ಲೆಕ್ಕದಿಂದ ಹೊರಗಿಟ್ಟೆವು. ಹತ್ತಕ್ಕೆ ಫೋನ್ ಅಜ್ಜಿಯ ತಲೆದಿಂಬಿನ ಬಳಿ ಹೋಗಬೇಕು, ಕೌದಿಯೊಳಗೆ ಅಲ್ಲ. ಭಾನುವಾರ ಅರ್ಧ ಗಂಟೆ ಹೆಚ್ಚು ಬೇಕೆಂದು ಹುಡುಗ ಕೇಳಿದ, ತಂದೆ ಒಪ್ಪಿದ. ಆಮೇಲೆ ಹುಡುಗನೂ ಒಂದು ಷರತ್ತು ಹಾಕಿದ. "ನಾ ಮಾತಾಡೂವಾಗ ಅಪ್ಪ ಬ್ಯಾರೇದು ನೋಡಬಾರದು" ಎಂದ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ ತಂದೆ, "ಆತಪ್ಪಾ" ಎಂದ.

ನನಗೂ ಬಿಡುಗಡೆ ಸಿಗಲಿಲ್ಲ. "ನಿಮ್ಮ ಫೋನಿಗೆ ಬೀಗ ಐತೇನ್ರೀ ಫಾದರ್?" ಎಂದು ಹುಡುಗ ಕೇಳಿದ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಭಾಗವಿದೆ. ಅದನ್ನು ಅವನೇ ತೆರೆದು ತೋರಿಸಿದ. ಹಿಂದಿನ ದಿನ ನಾನು ಮೂರು ಗಂಟೆ ನಲವತ್ತು ನಿಮಿಷ ಫೋನ್ ನೋಡಿದ್ದೆ! ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಗಾದೆಯನ್ನು ನಾನು ಎಷ್ಟೋ ಸಲ ಇತರರಿಗೆ ಹೇಳಿದ್ದೆ. ಆ ದಿನ ಅದು ನನ್ನತ್ತಲೇ ತಿರುಗಿತು.

ಇಷ್ಟು ಹೇಳಿದ ಮೇಲೆ, ನಿಮ್ಮ ಮನೆಯಲ್ಲಿ ಏನು ಮಾಡಬಹುದೆಂಬುದನ್ನೂ ಹೇಳದಿದ್ದರೆ ಈ ಬರಹ ಬರಿಯ ಕಥೆಯಾದೀತು.

ಮೊದಲನೆಯದಾಗಿ, ಮಗುವಿನ ಬಳಿ ತನ್ನದೇ ಫೋನ್ ಅಥವಾ ಟ್ಯಾಬ್ ಇದ್ದರೆ ಮೇಲೆ ಹೇಳಿದ ಫ್ಯಾಮಿಲಿ ಲಿಂಕ್ ಉಪಯುಕ್ತ. ಐಫೋನ್ ಮತ್ತು ಐಪ್ಯಾಡ್‌ಗಳಲ್ಲಿ 2018ರಿಂದ ಸ್ಕ್ರೀನ್ ಟೈಮ್ ಎಂಬ ಏರ್ಪಾಡು ಸೆಟ್ಟಿಂಗ್ಸ್‌ನಲ್ಲೇ ಇದೆ. ಎರಡರಲ್ಲಿಯೂ ಮಗುವಿನ ವಯಸ್ಸನ್ನು ನಿಜವಾಗಿ ನಮೂದಿಸಿ. ಬೀಗದ ಸಂಖ್ಯೆಯಾಗಿ ಹುಟ್ಟಿದ ಇಸವಿಯನ್ನೋ ಮನೆಯ ಬೈಕಿನ ಸಂಖ್ಯೆಯನ್ನೋ ಇಡಬೇಡಿ. ಮಕ್ಕಳು ಮೊದಲು ಪ್ರಯತ್ನಿಸುವುದೇ ಅವನ್ನು.

ಎರಡನೆಯದಾಗಿ, ನಮ್ಮ ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ ಫೋನ್. ಅಪ್ಪನದೋ ಅಮ್ಮನದೋ, ಮಕ್ಕಳು ಅದನ್ನೇ ಕೇಳಿ ಪಡೆಯುತ್ತಾರೆ. ಅಂಥ ಕಡೆ ಫ್ಯಾಮಿಲಿ ಲಿಂಕ್ ಹೊಂದುವುದಿಲ್ಲ. ಅದರ ಬದಲು ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪೋಷಕರ ನಿಯಂತ್ರಣವನ್ನು ತೆರೆದು ಒಂದು ಗುಪ್ತಸಂಖ್ಯೆ ಇಟ್ಟರೆ, ವಯಸ್ಸಿಗೆ ಮೀರಿದ ಆ್ಯಪ್‌ಗಳನ್ನು ಹಾಕಿಕೊಳ್ಳಲು ಆಗುವುದಿಲ್ಲ. ಯೂಟ್ಯೂಬ್‌ನಲ್ಲಿ ನಿರ್ಬಂಧಿತ ಮೋಡ್ ಎಂಬುದಿದೆ, ಅದನ್ನು ಚಾಲೂ ಮಾಡಿ. ಅದು ಎಲ್ಲವನ್ನೂ ತಡೆಯುವುದಿಲ್ಲ, ಬಹಳಷ್ಟನ್ನು ತಡೆಯುತ್ತದೆ. ಚಿಕ್ಕ ಮಕ್ಕಳಿಗೆ ಯೂಟ್ಯೂಬ್ ಕಿಡ್ಸ್ ಎಂಬ ಬೇರೆಯೇ ಆ್ಯಪ್ ಇದೆ. ಒಂದೇ ಆ್ಯಪನ್ನು ಪರದೆಗೆ ಅಂಟಿಸಿ ಕೊಡುವ ಸೌಲಭ್ಯವೂ ಹೆಚ್ಚಿನ ಫೋನುಗಳಲ್ಲಿದೆ. ಮಗು ಪಾಠದ ಆ್ಯಪ್‌ನಿಂದ ಹೊರಬಂದು ಬೇರೆಡೆಗೆ ಹೋಗಬೇಕಾದರೆ ನಿಮ್ಮ ಬೀಗದ ಸಂಖ್ಯೆ ಬೇಕಾಗುವಂತೆ ಇಡಬಹುದು.

ಮೂರನೆಯದು ಹಣದ ವಿಷಯ. ಮಾನ್ವಿ ಕಡೆಯ ಮನೆಯೊಂದರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ದಿನವೇ ಖಾಲಿಯಾಗಿತ್ತು. ಯಾರೋ ಮೋಸ ಮಾಡಿದರೆಂದು ತಾಯಿ ಅತ್ತಳು. ನೋಡಿದರೆ ಹತ್ತು ವರ್ಷದ ಮಗ ಆಟದಲ್ಲಿ ನಾಣ್ಯ ಕೊಂಡಿದ್ದ. ಯುಪಿಐ ಗುಪ್ತಸಂಖ್ಯೆ ಅವನಿಗೆ ಹೇಗೆ ತಿಳಿಯಿತು? ಅಂಗಡಿಯಲ್ಲಿ ಹಣ ಕೊಡುವಾಗಲೆಲ್ಲ ತಾಯಿ ಅವನ ಕೈಯಲ್ಲೇ ಒತ್ತಿಸುತ್ತಿದ್ದಳು. ಅಕ್ಷರ ಬಲ್ಲ ಮಗುವಿನ ಕೈಯಲ್ಲಿ ಅಕ್ಷರ ಬಾರದ ತಾಯಿ ತನ್ನ ಬೀಗದ ಕೀಲಿಯನ್ನು ಕೊಟ್ಟಿದ್ದಳು, ಅಷ್ಟೇ. ದಯವಿಟ್ಟು ನಾಲ್ಕೋ ಆರೋ ಅಂಕಿಗಳನ್ನು ನೀವೇ ಒತ್ತುವುದನ್ನು ಕಲಿಯಿರಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಟ್ಟುಕೊಳ್ಳಿ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಸಾಮಾನ್ಯ ಆಟಗಳೊಳಗೆ ಬಟ್ಟೆ, ಬಂದೂಕು, ನಾಣ್ಯ ಮಾರುವುದನ್ನು ಆ ಕಾನೂನು ನಿಲ್ಲಿಸುವುದಿಲ್ಲ ಎಂಬುದು ನೆನಪಿರಲಿ.

ನಾಲ್ಕನೆಯದಾಗಿ, ಎಳೆಯ ಮಕ್ಕಳ ಬಗ್ಗೆ. ಅನ್ನ ತಿನ್ನಿಸಲು, ಅಳು ನಿಲ್ಲಿಸಲು ಫೋನ್ ಕೊಡುವ ರೂಢಿ ಊರಲ್ಲೂ ನಗರದಲ್ಲೂ ಹರಡಿದೆ. ಎರಡು ವರ್ಷ ತುಂಬದ ಮಗುವನ್ನು ಪರದೆಯ ಮುಂದೆ ಕೂರಿಸುವುದೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅಜ್ಜಿಯ ಕಥೆಗೆ ಬ್ಯಾಟರಿ ಬೇಕಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಈ ಬೀಗಗಳು ಏನನ್ನು ಮಾಡಲಾರವು ಎಂಬುದು ತಿಳಿದಿರಬೇಕು. ಮಗು ಯಾರಿಗೆ ಏನು ಬರೆಯಿತು, ಅವನಿಗೆ ಯಾರು ಏನು ಕಳುಹಿಸಿದರು ಎಂಬುದನ್ನು ಫ್ಯಾಮಿಲಿ ಲಿಂಕ್ ತಂದೆಗೆ ಓದಿ ಹೇಳುವುದಿಲ್ಲ. ಪಕ್ಕದ ಓಣಿಯ ಹುಡುಗನ ಫೋನಿಗೆ ನಿಮ್ಮ ಬೀಗ ಬೀಳುವುದಿಲ್ಲ. ನಾನು ಹಾಕಿದ ಬೀಗ ಆ ಹುಡುಗನನ್ನು ಓಣಿಯ ದೊಡ್ಡ ಹುಡುಗರ ಬಳಿಗೆ ಓಡಿಸಿದ್ದನ್ನು ಮೇಲೆ ನೋಡಿದಿರಿ. ಅಲ್ಲಿ ಅವನು ಕಂಡದ್ದು ತನ್ನ ಫೋನಿನಲ್ಲಿ ಕಾಣುತ್ತಿದ್ದುದಕ್ಕಿಂತ ಒಳ್ಳೆಯದಾಗಿತ್ತೆಂದು ನಾನು ಹೇಳಲಾರೆ. ಅಪರಿಚಿತನೊಬ್ಬ ಫೋಟೋ ಕೇಳಿದರೆ, ಬೆದರಿಸಿದರೆ, ಮಗು ಮೊದಲು ಯಾರ ಬಳಿ ಓಡಿಬರುತ್ತದೆ? ಬೈಯುತ್ತಾರೆ, ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಭಯವಿದ್ದರೆ ಯಾರ ಬಳಿಯೂ ಬರುವುದಿಲ್ಲ. ಆದ್ದರಿಂದ "ಏನೇ ಆದರೂ ನನಗೆ ಹೇಳು, ಹೇಳಿದ್ದಕ್ಕಾಗಿ ಶಿಕ್ಷೆ ಇಲ್ಲ" ಎಂಬ ಮಾತನ್ನು ಮೊದಲೇ ಕೊಟ್ಟಿಡಿ. ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930, ಈ ಎರಡು ಸಂಖ್ಯೆಗಳನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಿ. ಮಗು ಊಟ, ನಿದ್ದೆ, ಶಾಲೆ ಎಲ್ಲವನ್ನೂ ಬಿಟ್ಟು ಫೋನಿಗೇ ಅಂಟಿದ್ದರೆ ಅದು ಬೈಗುಳದಿಂದ ವಾಸಿಯಾಗುವ ಸ್ಥಿತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕಾಗಿಯೇ 2014ರಲ್ಲಿ ಷಟ್ ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಏನಿದೆ?

ಸರ್ಕಾರಗಳೂ ಈಗ ಬೇಲಿ ಕಟ್ಟಲು ಹೊರಟಿವೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಮಾಡಿದೆ. ನಮ್ಮ ದೇಶದ 2023ರ ದತ್ತಾಂಶ ರಕ್ಷಣೆಯ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸಿ, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಇವೆಲ್ಲ ಬೇಕು. ಆದರೆ ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತುವ ಪೋಷಕನಿಗೆ ಯಾವ ಕಾನೂನು ತಾನೇ ಸಹಾಯ ಮಾಡೀತು?

2025ರ ಸೆಪ್ಟೆಂಬರ್‌ನಲ್ಲಿ ಸಂತ ಪದವಿಗೇರಿದ ಕಾರ್ಲೊ ಅಕುಟಿಸ್‌ನ ಹೆಸರನ್ನು ನೀವು ಕೇಳಿದ್ದೀರಿ. ಇಟಲಿಯಲ್ಲಿ ಬೆಳೆದು, 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲೇ ತೀರಿಕೊಂಡ ಆ ಹುಡುಗ ಕಂಪ್ಯೂಟರಿನಲ್ಲಿ ನಿಪುಣನಾಗಿದ್ದ, ವಿಡಿಯೋ ಆಟಗಳೂ ಅವನಿಗೆ ಪ್ರಿಯವಾಗಿದ್ದವು. ಆದರೆ ವಾರಕ್ಕೆ ಒಂದೇ ಗಂಟೆ ಆಡುವೆನೆಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನೆಂದು ಅವನ ಜೀವನ ಬಲ್ಲವರು ಹೇಳುತ್ತಾರೆ. ನಮ್ಮ ಮಕ್ಕಳೆಲ್ಲರೂ ಹಾಗಾಗಲಿ ಎಂದು ನಾನು ಹೇಳಲಾರೆ, ನಾನೇ ಹಾಗಾಗಿಲ್ಲ. ಆದರೆ ಹೊರಗಿನಿಂದ ನಾವು ಹಾಕುವ ಬೀಗ ಒಂದು ದಿನ ಮಗುವಿನೊಳಗೆ ಸೇರಬೇಕು. ಬೀಗ ಹಾಕುವುದರ ಗುರಿಯೇ ಅದು.

ದೇವದುರ್ಗದ ದಾರಿಯಲ್ಲಿ ಹೊಸ ಸಸಿಗಳ ಸುತ್ತ ಮುಳ್ಳುಕಂಟಿ ಕಟ್ಟಿರುವುದನ್ನು ನೀವೂ ನೋಡಿರಬಹುದು. ಕಟ್ಟದಿದ್ದರೆ ಆಡು ಒಂದೇ ದಿನದಲ್ಲಿ ಮುಗಿಸಿಬಿಡುತ್ತದೆ. ಆದರೆ ನೀರು ಹಾಕುವವನಿಗೆ ಕೈ ತೂರಿಸಲು ಒಂದು ಸಂದು ಬಿಟ್ಟಿರುತ್ತಾರೆ. ಗಿಡ ಆಡಿನ ಬಾಯಿಗೆ ನಿಲುಕದಷ್ಟು ಎತ್ತರವಾದ ಮೇಲೆ ಕಂಟಿಯನ್ನು ಕಿತ್ತು ಒಲೆಗೆ ಹಾಕುತ್ತಾರೆ. ಮರವಾದ ಮೇಲೂ ಯಾರೂ ಮುಳ್ಳು ಕಟ್ಟಿಡುವುದಿಲ್ಲ.

ಅರಕೇರಾದ ಹುಡುಗ ಈಗಲೂ ಕೆಲವೊಮ್ಮೆ ಮಿತಿ ಮೀರುತ್ತಾನೆ. ಕಳೆದ ತಿಂಗಳು ಪರೀಕ್ಷೆಯ ಹಿಂದಿನ ದಿನವೇ ಎರಡು ಗಂಟೆ ಆಡಿದ್ದನಂತೆ, ಪಕ್ಕದ ಮನೆಯ ಫೋನಿನಲ್ಲಿ. ಆದರೆ ಅದನ್ನು ತಂದೆಗೆ ಹೇಳಿದವನು ಅವನೇ. ತಂದೆ ಬೈದ, ಆಮೇಲೆ ನಕ್ಕ. ರಾತ್ರಿ ಒಂಬತ್ತೂವರೆಗೆ ತಂಗಿ ಫೋನಿನೊಳಗಿಂದ ಅಣ್ಣನನ್ನು ಕರೆಯುತ್ತಾಳೆ. ಹತ್ತಕ್ಕೆ ಫೋನ್ ಅಜ್ಜಿಯ ತಲೆದಿಂಬಿನ ಬಳಿ ಹೋಗುತ್ತದೆ, ಅದೂ ಹೆಚ್ಚಿನ ದಿನಗಳಲ್ಲಿ ಯಾರೂ ಹೇಳದೆಯೇ.

ಪ್ರಿಯ ಪೋಷಕರೇ, ಇಂದು ರಾತ್ರಿ ಊಟವಾದ ಮೇಲೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೀಗ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ, "ಇದರಲ್ಲಿ ನಿನಗೆ ಏನು ಇಷ್ಟ?" ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ. ನಾನು ಕೇಳದೆ ಹೋದದ್ದು ಆ ಒಂದೇ ಪ್ರಶ್ನೆಯನ್ನು. ಆಮೇಲೆ ಇಬ್ಬರೂ ಸೇರಿ ಬೇಲಿ ಕಟ್ಟಿ, ಅದರಲ್ಲೊಂದು ಬಾಗಿಲಿಡಿ. ಕೀಲಿಕೈ ಸದ್ಯಕ್ಕೆ ನಿಮ್ಮ ಬಳಿಯೇ ಇರಲಿ. ಅದು ಮುಂದೊಂದು ದಿನ ಯಾರ ಕೈಗೆ ಹೋಗಬೇಕೆಂಬುದು ಮಾತ್ರ ನಿಮ್ಮಿಬ್ಬರಿಗೂ ತಿಳಿದಿರಲಿ.